ಡೆನ್ಮಾರ್ಕ್ ಭೀಮರಾಜು

ಮಧುಗಿರಿಯಲ್ಲಿ ಭೀಮರಾಜು ಎಂದು ಕೂಗಿದರೆ ನಾಲ್ಕೈದು ಜನ ತಿರುಗಿ ನೋಡುತ್ತಾರೆ. ಡೆನ್ಮಾರ್ಕ್ ಭೀಮರಾಜು ಎಂದರೆ ಮಾತ್ರ ಒಬ್ಬನೇ. ಹಾಗೆಂದು ಅವನೇನು ಡೆನ್ಮಾರ್ಕಿಗೆ ಹೋಗಿ ಬಂದವನಲ್ಲ. ತುಮಕೂರು ದಾಟಿ ಬೆಂಗಳೂರಿಗೆ ಹೋದದ್ದೇ ಅಪರೂಪ, ಅದೂ ಯಾರನ್ನೋ ಆಸ್ಪತ್ರೆಗೆ ಸೇರಿಸಲು. ಒಂದು ಸರ್ಕಾರಿ ಇಲಾಖೆಯ ಉಪವಿಭಾಗ ಕಚೇರಿಯಲ್ಲಿ ಗುಮಾಸ್ತ. ಯಾವ ಇಲಾಖೆ ಎಂದು ಹೇಳುವುದು ಬೇಡ, ಅಲ್ಲಿನವರಿಗೆ ಕೆಲಸಕ್ಕಿಂತ ಸಿಟ್ಟು ಬೇಗ ಬರುತ್ತದೆ. ಜಿಲ್ಲೆಯ ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಶಟಲ್ ಡಬಲ್ಸ್ ಕಪ್ಪನ್ನು ಹೆಚ್ಚುಕಡಿಮೆ ಪ್ರತಿ ವರ್ಷವೂ ಗೆದ್ದವನು ಈ ಭೀಮರಾಜು. ಪ್ರತಿ ಸಲವೂ ಜೊತೆಯಲ್ಲಿ ಆಡಿದ್ದು ಒಬ್ಬ ಸಾಹೇಬರು. ಪ್ರತಿ ಸಲವೂ ಕಪ್ಪು ಹೋದದ್ದು ಆ ಸಾಹೇಬರ ಮನೆಗೆ.

ಇದನ್ನೇ ಅವನ ಮಗಳು ಲೋಹಿತಾ ಹೇಳುವ ರೀತಿ ಬೇರೆ. "ನಮ್ಮಪ್ಪ ಚಾಂಪಿಯನ್ ಅಲ್ಲ, ಚಾಂಪಿಯನ್ನುಗಳ ಬಾಡಿಗೆ ಸೈಕಲ್ಲು. ಬಂದ ಸಾಹೇಬ್ರೆಲ್ಲ ಹತ್ತಿ ತುಳುದು, ಗೋಡೆಗೆ ಒರಗಿಸಿ ಹೋಗವ್ರೆ." ಲೋಹಿತಾ ಕೊಳಾಲದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರು. ಮಧುಗಿರಿಯ ಮನೆಯಿಂದಲೇ ಬಸ್ಸಿನಲ್ಲಿ ಓಡಾಡುತ್ತಾಳೆ. ಶಾಲೆಯ ಮಕ್ಕಳಿಗೆ ಅವಳ ಶಿಳ್ಳೆಯ ಭಯ, ಮನೆಯಲ್ಲಿ ಅಪ್ಪನಿಗೆ ಅವಳ ಬಾಯಿಯ ಭಯ.

ಮಧುಗಿರಿ ಬೆಟ್ಟದ ಬುಡದಲ್ಲಿ ಅಧಿಕಾರಿಗಳ ಕ್ಲಬ್ಬು ಅಂತ ಒಂದಿದೆ. ಕ್ಲಬ್ಬು ಎಂದರೆ ಏನೋ ಎಂದುಕೊಳ್ಳಬೇಡಿ. ತಗಡಿನ ಶೆಡ್ಡು, ಕಾಲು ಸೀಳಿದ ಪ್ಲಾಸ್ಟಿಕ್ ಕುರ್ಚಿಗಳು, ಪೌಡರಿಲ್ಲದ ಒಂದು ಕೇರಂ ಬೋರ್ಡು, ಎದುರಿಗೆ ಸಿಮೆಂಟಿನ ಶಟಲ್ ಕೋರ್ಟು. ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಈ ಕೋರ್ಟಿನ ಮೇಲೆ ಕಾರುತ್ತದೆ. ಇಲ್ಲಿಗೆ ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ಒಂದು ನಿಯಮವುಂಟು. ಜೋಡಿಯ ಇಬ್ಬರ ನಡುವೆ ಬರುವ ಶಟಲ್ ಸಾಹೇಬರದು. ಅದು ಬಂದ ತಕ್ಷಣ ಕೆಳಗಿನ ನೌಕರ ರಾಕೆಟ್ ಇಳಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, "ಸಾರ್, ನಿಮ್ದೇ!" ಎಂದು ಕೂಗಬೇಕು. ಸಾಹೇಬರು ಹೊಡೆದರೆ "ಭಲೇ ಸಾರ್". ಹೊಡೆಯದಿದ್ದರೆ "ಗಾಳಿ ಸಾರ್". ಎಲೆ ಅಲ್ಲಾಡದ ಬೇಸಿಗೆಯಲ್ಲೂ ಆ ಕೋರ್ಟಿನಲ್ಲಿ ಗಾಳಿಗೆ ಬರವಿರಲಿಲ್ಲ.

ಭೀಮರಾಜು ಮೊದಲು ಅಲ್ಲಿಗೆ ಕಾಲಿಟ್ಟದ್ದು ಆಡಲಿಕ್ಕಲ್ಲ, ಸುಣ್ಣದ ಗೆರೆ ಹಾಕಿಸಲಿಕ್ಕೆ. ಕೆಲಸಕ್ಕೆ ಸೇರಿದ ಹೊಸತು, ಸಾಹೇಬರು "ಸ್ವಲ್ಪ ನೋಡ್ಕೊಳಯ್ಯ" ಎಂದರೆ ನೋಡಿಕೊಳ್ಳಬೇಕು. ಒಂದು ಸಂಜೆ ನಾಲ್ಕನೆಯ ಆಟಗಾರ ಬರಲಿಲ್ಲ. "ನಿಂಗೆ ಆಡಕ್ಕೆ ಬರುತ್ತೇನಯ್ಯ?" ಎಂದು ಕೇಳಿದರು. ಬರುತ್ತಿತ್ತು. ಶಿರಾದ ಹಾಸ್ಟೆಲಿನಲ್ಲಿದ್ದಾಗ ಬೇವಿನ ಮರಕ್ಕೂ ಕರೆಂಟು ಕಂಬಕ್ಕೂ ಹಗ್ಗ ಕಟ್ಟಿ, ಪುಕ್ಕ ಉದುರಿದ ಶಟಲಿನಲ್ಲಿ ಆಡಿ ಪಳಗಿದ ಕೈ. ಬರಿಗಾಲಲ್ಲಿ ಕೋರ್ಟಿಗಿಳಿದ. ಅವತ್ತು ಆ ಸಾಹೇಬರು ಜನ್ಮದಲ್ಲಿ ಮೊದಲ ಸಲ ಗೆದ್ದರು. ಗೆದ್ದದ್ದು ತಮ್ಮ ಆಟದಿಂದಲೇ ಎಂದು ನಂಬಿದರು.

ಅದೇ ಭೀಮರಾಜುವಿನ ವಿದ್ಯೆ. ಎದುರಾಳಿಯ ಕಷ್ಟದ ಏಟುಗಳನ್ನೆಲ್ಲ ತಾನು ಬಗ್ಗಿ, ಬಿದ್ದು, ಉರುಳಿ ಎತ್ತುವುದು. ಎತ್ತಿದ ಶಟಲನ್ನು ಎದುರಾಳಿ ಮೇಲಕ್ಕೆ ಎಸೆಯದೆ ಬೇರೆ ದಾರಿಯೇ ಇಲ್ಲದಂಥ ಜಾಗಕ್ಕೆ ಕಳಿಸುವುದು. ಆಮೇಲೆ ಅದು ನಿಧಾನವಾಗಿ, ಸಾಹೇಬರ ಮೂಗಿನ ಮುಂದೆ, ತಟ್ಟೆಯಲ್ಲಿಟ್ಟ ಲಾಡುವಿನ ಹಾಗೆ ಬಂದು ನಿಲ್ಲುತ್ತದೆ. ಸಾಹೇಬರು ಎಗರಿ ಬಾರಿಸುತ್ತಾರೆ. ಎಗರಲು ಬಾರದ ಸಾಹೇಬರು ನಿಂತಲ್ಲೇ ಬಾರಿಸುತ್ತಾರೆ. ಒಬ್ಬರಿಗಂತೂ ಹೊಟ್ಟೆ ಅಡ್ಡ ಬಂದು ಪಾದ ಕಾಣಿಸುತ್ತಿರಲಿಲ್ಲ, ಅವರೂ ಚಾಂಪಿಯನ್ನು. ಆಂಧ್ರದ ಗಡಿ ಕಡೆಯಿಂದ ಬಂದ ಇನ್ನೊಬ್ಬರು ಏಟಿಗೊಮ್ಮೆ ತಿರುಗಿ, "ಏಮಯ್ಯಾ ಭೀಮರಾಜು, ನಾ ಸ್ಮ್ಯಾಶ್ ಎಟ್ಲುಂದಿ?" ಎಂದು ತೆಲುಗಿನಲ್ಲಿ ತಮ್ಮ ಏಟಿಗೆ ಮೆಚ್ಚುಗೆ ಕೇಳುತ್ತಿದ್ದರು. "ಬೆಂಕಿ ಸಾರ್" ಎನ್ನುತ್ತಿದ್ದ ಇವನು, ಮಂಡಿಯ ರಕ್ತ ಒರೆಸಿಕೊಳ್ಳುತ್ತ. ವರ್ಗವಾಗಿ ಹೋಗುವ ಸಾಹೇಬರು ಬರುವ ಸಾಹೇಬರಿಗೆ ಜೀಪು, ಬೀರುವಿನ ಕೀಲಿ ಮತ್ತು ಭೀಮರಾಜುವನ್ನು ಒಪ್ಪಿಸಿ ಹೋಗುವುದು ವಾಡಿಕೆಯಾಯಿತು.

ಇಷ್ಟು ಬಾಗಿದ ಮನುಷ್ಯನಿಗೆ ಬೆನ್ನು ಸಮಾಧಾನ ಮಾಡಿಕೊಳ್ಳಲು ಒಂದು ಕಥೆ ಬೇಕಲ್ಲ? ಅದು ಡೆನ್ಮಾರ್ಕಿನಿಂದ ಬಂತು. ಯಾವುದೋ ವರ್ಷ ಟಿವಿಯಲ್ಲಿ ಡೆನ್ಮಾರ್ಕಿನ ಒಬ್ಬ ಡಬಲ್ಸ್ ಚಾಂಪಿಯನ್ನಿನ ಆಟ ನೋಡಿದನಂತೆ. ಆ ಹೆಸರು ಇವನ ನಾಲಿಗೆಗೆ ಹತ್ತಲಿಲ್ಲ, 'ನಮ್ ಡೆನ್ಮಾರ್ಕಣ್ಣ' ಎಂದು ಕರೆದುಕೊಂಡ. ಕ್ಲಬ್ಬಿನ ಪಕ್ಕದ ರೇಣುಕಯ್ಯನ ಟೀ ಅಂಗಡಿಯಲ್ಲಿ ಕುಳಿತು ಅವನ ಚರಿತ್ರೆಯನ್ನು ಹೇಳಿದ್ದೇ ಹೇಳಿದ್ದು.

"ಅವ್ನು ಜನ್ಮದಲ್ಲಿ ಸಿಂಗಲ್ಸ್ ಮುಟ್ನಿಲ್ಲ ಕಣ್ಲಾ ರೇಣುಕ. ನೆಟ್ಟಿನ ಮುಂದೆ ನಿಂತ್ಕಂಡು ಜೊತೆಗಾರನಿಗೆ ಒದಗಿಸ್ತಾನೆ, ಅಷ್ಟೇಯ. ಹೊಡಿಯೋರು ಬೀದಿಗೊಬ್ರು ಸಿಕ್ತಾರೆ, ಒದಗಿಸೋನು ಸಿಗಲ್ಲ. ಜೊತೆಗಾರ್ರು ಬಂದ್ರು, ಹೋದ್ರು, ಅವ್ನು ಅಂಗೇ ಇದ್ದ. ಅಂಗೇ ಪ್ರಪಂಚ ಗೆದ್ಬುಟ್ಟ!"

"ಅವ್ನ ಕಪ್ಪೂ ಅವ್ರ ಸಾಹೇಬ್ರ ಮನೆಗೇ ಹೋಯ್ತದಾ?" ಎಂದು ರೇಣುಕಯ್ಯ ಕೇಳಿದ. ಅಂದೇ ಇವನಿಗೆ ಡೆನ್ಮಾರ್ಕ್ ಭೀಮರಾಜು ಎಂದು ಹೆಸರಿಟ್ಟವನೂ ಅವನೇ. ಭೀಮರಾಜು ಅದನ್ನು ಬಿರುದು ಎಂದುಕೊಂಡು ಎದೆ ಉಬ್ಬಿಸಿದ. ಊರವರು ನಕ್ಕದ್ದು ಅವನಿಗೆ ಗೊತ್ತಾಗಲಿಲ್ಲವೋ, ಗೊತ್ತಾದರೂ ಬೇಕಿರಲಿಲ್ಲವೋ ಹೇಳುವುದು ಕಷ್ಟ.

ಚಿಕ್ಕಂದಿನಲ್ಲಿ ಲೋಹಿತಾ ಈ ಕಥೆಯನ್ನು ನಂಬಿದ್ದಳು. ಕ್ಲಬ್ಬಿನ ತಂತಿ ಬೇಲಿಗೆ ಮುಖ ಒತ್ತಿ ಅಪ್ಪನ ಆಟ ನೋಡುತ್ತ, ಡೆನ್ಮಾರ್ಕಿನಲ್ಲೂ ಹೀಗೇ ಒಬ್ಬಳು ಹುಡುಗಿ ಬೇಲಿಯ ಹಿಂದೆ ನಿಂತಿರುತ್ತಾಳೆ ಎಂದುಕೊಳ್ಳುತ್ತಿದ್ದಳು. ಕಾಲೇಜಿಗೆ ಹೋದ ಮೇಲೆ ಫೋನಿನಲ್ಲಿ ಹುಡುಕಿ ಆ ಡೆನ್ಮಾರ್ಕಣ್ಣನನ್ನು ಕಣ್ಣಾರೆ ನೋಡಿದಳು. ನೆಟ್ಟಿನ ಮುಂದೆ ನಿಲ್ಲುತ್ತಿದ್ದದ್ದು ನಿಜ. ಆದರೆ ನಡುವೆ ಶಟಲ್ ಬಂದರೆ ಹಸಿದ ಹದ್ದಿನ ಹಾಗೆ ಎರಗುತ್ತಿದ್ದ. ಅಡ್ಡ ಬಂದ ಜೊತೆಗಾರನನ್ನು ಭುಜದಲ್ಲಿ ನೂಕಿ, ತಾನೇ ಹೊಡೆದು, ಕಟ್ಟಡ ನಡುಗುವ ಹಾಗೆ ಕೂಗುತ್ತಿದ್ದ. ಗೆದ್ದಾಗ ಕಪ್ಪಿಗೆ ಮೊದಲು ಕೈ ಹಾಕುತ್ತಿದ್ದವನೂ ಅವನೇ. ಅಪ್ಪನ ಮುಂದೆ ಫೋನು ಹಿಡಿದಳು. ಭೀಮರಾಜು ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿ, "ಇದು ಬೇರೆ ಮ್ಯಾಚು ಕಣಮ್ಮ" ಎಂದ.

ಅವತ್ತು ಅವಳಿಗೆ ಅಪ್ಪನ ಮೇಲೆ ಹುಟ್ಟಿದ ತಾತ್ಸಾರ ಬೆಳೆಯುತ್ತಲೇ ಹೋಯಿತು. ಅದಕ್ಕೆ ಕಾರಣ ಬರೀ ಆಟವಲ್ಲ. ಮನೆಯ ನಡುಕೋಣೆಯ ಗೋಡೆಯಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟಗಳಿವೆ, ಪಕ್ಕದಲ್ಲಿ ತಾತ ಗಂಗಯ್ಯನದು. ಮಿಡಿಗೇಶಿ ಕಡೆಯ ಹಳ್ಳಿಯಲ್ಲಿ ದೊಡ್ಡವರು ಎದುರಾದರೆ ಚಪ್ಪಲಿ ಕೈಗೆತ್ತಿಕೊಂಡು, ದಾರಿಯಿಂದಿಳಿದು, ಪಕ್ಕದ ಮುಳ್ಳಿನಲ್ಲಿ ನಿಂತವನು ಆ ತಾತ. ಮಗನಿಗೆ ಸರ್ಕಾರಿ ಕೆಲಸ ಸಿಕ್ಕ ದಿನ ಕೇರಿಯವರನ್ನೆಲ್ಲ ಕರೆದು, "ಇನ್ಮ್ಯಾಕೆ ನಮ್ ವಂಶ ಯಾವನಿಗೂ ದಾರಿ ಬುಡಂಗಿಲ್ಲ ಕಣ್ರಲಾ" ಎಂದು ಕಣ್ಣೀರು ಹಾಕಿದ್ದನಂತೆ. ಮಗ ಏನು ಮಾಡಿದ? ಕೋರ್ಟಿಗೆ ಹೋಗಿ, ದುಬಾರಿ ಬೂಟು ಹಾಕಿಕೊಂಡು, ಮತ್ತೆ ದಾರಿ ಬಿಟ್ಟ. ಯಾರೂ ಬೆದರಿಸದೆ, ನಗುನಗುತ್ತ ಬಿಟ್ಟ. ಇದನ್ನು ನೆನೆದರೆ ಲೋಹಿತಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಅಪ್ಪನ ಜೊತೆಯಲ್ಲೇ ಆಡುವ ಕಾಲ ಅವಳಿಗೆ ಬಂತು. ಈ ವರ್ಷ ಜಿಲ್ಲಾ ಕ್ರೀಡಾಕೂಟದ ಮಿಕ್ಸೆಡ್ ಡಬಲ್ಸ್ ಗೆದ್ದ ಜೋಡಿಗೆ ರಾಜ್ಯದ ಕೂಟಕ್ಕೆ ನೇರ ಪ್ರವೇಶ, ಅಲ್ಲಿಂದ ದೇಶಮಟ್ಟದ ತಂಡಕ್ಕೆ ಆಯ್ಕೆ ಎಂದು ಸುತ್ತೋಲೆ ಬಂದಿತ್ತು. ಲೋಹಿತಾ ಕಾಯುತ್ತಿದ್ದದ್ದೇ ಅದಕ್ಕೆ. ಶಾಲೆಯ ಬಯಲಿನಲ್ಲಿ ಮಕ್ಕಳು ಮನೆಗೆ ಹೋದ ಮೇಲೆ ಒಬ್ಬಳೇ ಗೋಡೆಗೆ ಹೊಡೆದು ಹೊಡೆದು ಬೆಳೆಸಿದ ಸ್ಮ್ಯಾಶು ಅವಳದು. ಒಂದು ಸಲವಾದರೂ ಕೊಳಾಲದ ಗೋಡೆ ಬಿಟ್ಟು ಇನ್ನೊಬ್ಬರ ಮೇಲೆ ಅದನ್ನು ಪರೀಕ್ಷಿಸಬೇಕೆಂಬ ಆಸೆ ಅವಳನ್ನು ಒಳಗೇ ತಿನ್ನುತ್ತಿತ್ತು. ವಯಸ್ಸು ನಿಲ್ಲುವುದಿಲ್ಲ, ಮುಂದಿನ ವರ್ಷ ಮಂಡಿ ಹೇಗಿರುತ್ತದೋ ಯಾರಿಗೆ ಗೊತ್ತು.

ಜೊತೆಗಾರ ಮಾತ್ರ ಸಿಗಲಿಲ್ಲ. ಮಿಕ್ಸೆಡ್‌ನಲ್ಲಿ ಹೆಂಗಸು ಮುಂದೆ ನಿಂತು ತಟ್ಟುವುದು, ಗಂಡಸು ಹಿಂದೆ ನಿಂತು ಬಾರಿಸುವುದು ರೂಢಿ. ಲೋಹಿತಾ ಹಿಂದೆ ನಿಲ್ಲುವವಳು. ಹೆಣ್ಣು ಹಿಂದೆ ನಿಂತು ಸ್ಮ್ಯಾಶ್ ಹೊಡೆದರೆ ಮುಂದೆ ನಿಂತ ಗಂಡಸು ಮುಖ ಎಲ್ಲಿಡಬೇಕು? ಇದೇ ಪ್ರಶ್ನೆಗೆ ಹೆದರಿ ತಾಲ್ಲೂಕಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಸೊಂಟನೋವು, ಆಡಿಟ್ಟು, ಹೆಂಡತಿಯ ತಮ್ಮನ ಮದುವೆ ಎಂದು ನೆಪ ಹೇಳಿ ಜಾರಿಕೊಂಡರು. ಮುಂದೆ ನಿಂತು ಒದಗಿಸುವುದಕ್ಕೆ ನಾಚದ ಗಂಡಸು ಊರಿಗೆಲ್ಲ ಒಬ್ಬನೇ ಇದ್ದ.

"ಆಯ್ತದೆ ಕಣಮ್ಮ, ನಾನಿದೀನಲ್ಲ" ಎಂದ ಭೀಮರಾಜು, ಕೇಳುವುದನ್ನೇ ಕಾಯುತ್ತಿದ್ದವನ ಹಾಗೆ.

ಅವಳು ಷರತ್ತು ಹಾಕಿದಳು. "ಒಂದ್ಮಾತು ಅಪ್ಪ. ನೆಟ್ಟಿನ ಮುಂದಿಂದು, ನಡುವಿಂದು, ಎಲ್ಲಾ ನಿಂದು. ಯಾರ್ಗೂ ಬುಡಂಗಿಲ್ಲ. ನೀನೇ ಹೊಡೀಬೇಕು."

"ಹೊಡಿತೀನಿ."

ಅಭ್ಯಾಸದಲ್ಲಿ ಹೊಡೆದ. ಹೊಡೆದದ್ದು ಕಂಡು ಲೋಹಿತಾ ಬೆರಗಾದಳು. ಇಷ್ಟು ವರ್ಷ ಸಾಹೇಬರ ಹಿಂದೆ ಅಡಗಿದ್ದ ಕೈಯಲ್ಲಿ ಅಂಥ ಚುರುಕಿತ್ತು. ಒಂದೊಂದು ತಟ್ಟಿಗೂ ಶಟಲ್ ಎದುರಿನವರ ಕಾಲ ಬಳಿ ಸತ್ತು ಬೀಳುತ್ತಿತ್ತು. ಅದನ್ನು ನೋಡಿ ಸಂತೋಷವಾದಷ್ಟೇ ಅವಳಿಗೆ ಸಿಟ್ಟೂ ಬಂತು. ಈ ಕೈ ಇಟ್ಟುಕೊಂಡು ಬದುಕಿಡೀ ಲಾಡು ಹಂಚಿದನಲ್ಲ!

ಅಷ್ಟರಲ್ಲಿ ಕಲ್ಲು ಬಿತ್ತು. ಭೀಮರಾಜುವಿನ ಈಗಿನ ಸಾಹೇಬರು ರಂಗನಾಥ ಅವರು ತಾವೂ ಮಿಕ್ಸೆಡ್‌ಗೆ ಹೆಸರು ಕೊಟ್ಟರು. ಮಂಡಿನೋವಿತ್ತು, ಹೆಂಗಸರ ಜೊತೆಯ ಆಟ ಸುಲಭವಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಜೊತೆಗೆ ಹಾಕಿಕೊಂಡದ್ದು ಇನ್ನೊಂದು ಇಲಾಖೆಯ ಮೇಡಂ ಒಬ್ಬರನ್ನು, ವಿಶ್ವವಿದ್ಯಾಲಯಕ್ಕೆ ಆಡಿದ್ದ ಗಟ್ಟಿ ಆಟಗಾರ್ತಿ. ಸಾಹೇಬರು ಯಾರ ಮೇಲಾದರೂ ಒರಗಿಯೇ ಗೆಲ್ಲುವ ಜಾತಕದವರು.

ಸುದ್ದಿ ಕೇಳಿ ಲೋಹಿತಾಳ ತಾಯಿ ವೇದಾವತಿ ಸೊಪ್ಪು ಸೋಸುತ್ತಲೇ ಹೇಳಿದಳು. "ಫೈನಲ್ಲಲ್ಲಿ ಆವಪ್ಪ ಎದುರಿಗೆ ಬಂದ್ರೆ ನಿಮ್ಮಪ್ಪ ಸೋತ್ಬುಡ್ತಾನೆ. ಬೇಕಾದ್ರೆ ನೋಡ್ಕೋ."

ಭೀಮರಾಜು ಎದ್ದು ಹೋಗಿ ಗಂಗಯ್ಯನ ಪಟದ ಮುಂದೆ ನಿಂತ. "ನಮ್ಮಪ್ಪನಾಣೆ ಕಣಮ್ಮ. ಬೇಕಂತ ಒಂದು ಶಟಲ್ ಬುಟ್ರೂ ನಾನು ಅವ್ನ ಮಗನಲ್ಲ." ಲೋಹಿತಾ ನಂಬಲು ಪ್ರಯತ್ನಪಟ್ಟಳು.

ತುಮಕೂರಿನ ಒಳಾಂಗಣದಲ್ಲಿ ಫೈನಲ್ಲು ನಡೆದದ್ದು ಮಧ್ಯಾಹ್ನದ ಮೇಲೆ. ಎದುರಿಗೆ ರಂಗನಾಥ ಸಾಹೇಬರು ಮತ್ತು ಮೇಡಂ. ಮಧುಗಿರಿಯಿಂದ ಕಚೇರಿಯವರೆಲ್ಲ ಬಂದು ಕೂತಿದ್ದರು. ರಜೆ ಕೊಟ್ಟವರು ಸಾಹೇಬರಾದ್ದರಿಂದ ಚಪ್ಪಾಳೆಯೂ ಅವರಿಗೇ ಮೀಸಲು. ರೇಣುಕಯ್ಯ ಮಾತ್ರ ಅಂಗಡಿ ಮುಚ್ಚಿಕೊಂಡು ಬಂದು ಇವರ ಕಡೆಗೆ ಕೂತಿದ್ದ. ಹಣ್ಣು ಕತ್ತರಿಸಿ ತಂದಿದ್ದ ಜವಾನ ಡಬ್ಬಿಯನ್ನು ಸಾಹೇಬರ ಬೆಂಚಿನ ಮೇಲಿಟ್ಟು, ಭೀಮರಾಜುವಿನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಆದರೆ ಭೀಮರಾಜು ಆಣೆಗೆ ನಿಂತ. ಮೊದಲ ಶಟಲ್ ನಡುವೆ ಬಂತು, ಒಂದು ತಟ್ಟು, ಸತ್ತಿತು. ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲೇ ನಿಂತವು. ಎರಡನೆಯದು ಸಾಹೇಬರ ಬೂಟಿನ ಮೇಲೆ ಬಿತ್ತು. ಹಿಂದಿನಿಂದ ಲೋಹಿತಾ ಬಾರಿಸಿದಳು, ಮುಂದೆ ಅಪ್ಪ ಮುಗಿಸಿದ. ಜನ ಬಾಯಿ ಬಿಟ್ಟುಕೊಂಡು ನೋಡಿದರು. ಗುಮಾಸ್ತನಿಗೆ ಕೈಯಿದೆ ಎಂದು ಆ ಕಚೇರಿಗೆ ಅವತ್ತು ಗೊತ್ತಾಯಿತು. ಸಾಹೇಬರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. "ಹಂಗೆ ಕಣಪ್ಪಾ!" ಎಂದು ಲೋಹಿತಾ ಚೀರಿದಳು. ಅಪ್ಪನ ಬಗ್ಗೆ ಅವಳಿಗೆ ಹೆಮ್ಮೆಯಾಯಿತು, ಬೇಲಿಯ ಹಿಂದೆ ನಿಂತಿದ್ದ ಕಾಲದ ಹೆಮ್ಮೆ.

ಮೊದಲ ಗೇಮು ಇವರಿಗೆ, ಎರಡನೆಯದು ಮೇಡಂ ಅವರ ಕೈಚಳಕದಿಂದ ಅವರಿಗೆ. ಮೂರನೆಯದು ಹಗ್ಗದಾಟವಾಗಿ ಕೊನೆಗೆ ಸಮ ಸಮ ನಿಂತಿತು. ಬಹುಮಾನ ಕೊಡುವ ಗಣ್ಯರು ಬಂದು ಕಾಯುತ್ತಿದ್ದರಿಂದ ವ್ಯವಸ್ಥಾಪಕರು ಮೊದಲೇ ಹೇಳಿಬಿಟ್ಟಿದ್ದರು, ಸಮವಾದರೆ ಎಳೆಯುವುದಿಲ್ಲ, ಮುಂದಿನ ಪಾಯಿಂಟು ಯಾರಿಗೋ ಕಪ್ಪು ಅವರಿಗೆ.

ಮೇಡಂ ಎತ್ತರಕ್ಕೆ ಸರ್ವ್ ಮಾಡಿದರು. ಲೋಹಿತಾ ಹಿಂದಿನ ಗೆರೆಯಿಂದ ಮೈಯ ಬಲವನ್ನೆಲ್ಲ ಹಾಕಿ ಹೊಡೆದಳು. ಹೊಡೆದ ರಭಸಕ್ಕೆ ಮಂಡಿಯೂರಿದಳು. ಶಟಲ್ ನೇರ ಸಾಹೇಬರ ಹೊಟ್ಟೆಗೆ ಹೋಯಿತು. ಸಾಹೇಬರು ಹೆದರಿ ರಾಕೆಟ್ ಅಡ್ಡ ಹಿಡಿದರು, ಅದಕ್ಕೆ ತಾಗಿ ಶಟಲ್ ಮೇಲೆದ್ದು, ನೆಟ್ಟಿನ ಈಚೆಗೆ, ಕೋರ್ಟಿನ ನಟ್ಟನಡುವೆ, ಮೆತ್ತಗೆ ಇಳಿಯತೊಡಗಿತು. ಅದರ ಕೆಳಗೆ ಭೀಮರಾಜು ಇದ್ದ. ರಾಕೆಟ್ ಎತ್ತಿಯೇ ಇದ್ದ. ಒಂದು ತಟ್ಟು ಸಾಕು. ಕೊಳಾಲದ ಮಕ್ಕಳಲ್ಲಿ ಯಾವ ಮಗುವಾದರೂ ಅದನ್ನು ಹೊಡೆಯುತ್ತಿತ್ತು.

ಸಾಹೇಬರು ಗಾಬರಿಯಲ್ಲಿ ನೆಟ್ಟಿನ ಹತ್ತಿರಕ್ಕೇ ಬಂದುಬಿಟ್ಟಿದ್ದರು, ಅವರ ಮುಖ ಭೀಮರಾಜುವಿನ ಮುಖಕ್ಕೆ ಅಷ್ಟು ಸಮೀಪ. ಭೀಮರಾಜುವಿನ ರಾಕೆಟ್ ಇಳಿಯಿತು. ಕಾಲು ತಾನಾಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ತಲೆ ಚೂರು ಬಾಗಿತು.

"ಸಾರ್, ನಿಮ್ದೇ!"

ಕೂಗಿದ್ದು ಹಿಂದಕ್ಕೆ, ಜೊತೆಗಾರನಿರುವ ಕಡೆಗೆ. ಅಲ್ಲಿ ಮಂಡಿಯೂರಿದ್ದವಳು ಲೋಹಿತಾ. ಎದ್ದು ಓಡಿದಳು, ಬಿದ್ದಳು, ಕೈ ಚಾಚಿದಳು. ಶಟಲ್ ಅವಳ ಬೆರಳಿನಿಂದ ಗೇಣುದ್ದ ದೂರದಲ್ಲಿ ಸದ್ದಿಲ್ಲದೆ ನೆಲಕ್ಕೆ ಬಂದು ಕೂತಿತು.

ಶಟಲ್ ಮೇಲೆದ್ದಾಗಲೇ ಎದ್ದ ಗದ್ದಲದಲ್ಲಿ ಆ ಕೂಗು ಮುಚ್ಚಿಹೋಗಿತ್ತು. ಕಂಡದ್ದು ಎಲ್ಲರಿಗೂ ಒಂದೇ, ಭೀಮರಾಜು ಕೈಗೆ ಬಂದ ಶಟಲನ್ನು ಸಾಹೇಬರಿಗಾಗಿ ಬಿಟ್ಟ. ಕಚೇರಿಯವರು ಮೆಚ್ಚಿ ತಲೆದೂಗಿದರು. ಕೊನೇವರೆಗೂ ಆಡಿಸಿ, ಯಾರಿಗೂ ಅನುಮಾನ ಬಾರದ ಹಾಗೆ ಮಾಡಿ, ಕಟ್ಟಕಡೆಗೆ ಬಿಟ್ಟನಲ್ಲ, ಏನು ಕಲೆ ಇವನದು! ರೇಣುಕಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಸಾಹೇಬರು ಬೆವರು ಒರೆಸಿಕೊಂಡು ಬಂದು ಭೀಮರಾಜುವಿನ ಬೆನ್ನು ತಟ್ಟಿದರು. "ಮಗಳನ್ನೂ ನೋಡ್ದೆ ಬಿಟ್ಯಲ್ಲಯ್ಯ. ನಾನು ಮರೆಯಲ್ಲ. ನಿನ್ನ ಪ್ರಮೋಷನ್ನಿನ ವಿಚಾರ ನಂಗೆ ಬಿಡು."

"ಇಲ್ಲ ಸಾರ್. ನಾನು ಬೇಕಂತ ಬುಡ್ನಿಲ್ಲ ಸಾರ್" ಎಂದ ಭೀಮರಾಜು. ಅವನ ಕಣ್ಣಲ್ಲಿ ನೀರಿತ್ತು.

"ಗೊತ್ತು ಬಿಡಯ್ಯ, ಗೊತ್ತು" ಎಂದು ಸಾಹೇಬರು ನಕ್ಕರು. ಸುತ್ತಲಿದ್ದವರೂ ನಕ್ಕರು. ವರ್ಷಗಟ್ಟಲೆ ಬೇಕೆಂದೇ ಬಿಟ್ಟವನು, ಇದೊಂದನ್ನು ಬೇಕೆಂದು ಬಿಡಲಿಲ್ಲ ಎಂದರೆ ಯಾವ ಮೂರ್ಖ ನಂಬುತ್ತಾನೆ?

ನಂಬಿದವಳು ಒಬ್ಬಳೇ. ಆ ಕೂಗನ್ನು ಕೇಳಿದವಳು ಅವಳೊಬ್ಬಳೇ. ಸೋಲಬೇಕೆಂದು ಸೋಲುವವನು ಹೆತ್ತ ಮಗಳನ್ನು 'ಸಾರ್' ಎನ್ನುವುದಿಲ್ಲ. ಅಪ್ಪ ಬೇಕೆಂದು ಮಾಡಿದ್ದರೆ ಲೋಹಿತಾಳಿಗೆ ಸುಲಭವಿತ್ತು, ಅಲ್ಲೇ ಮುಖಕ್ಕೆ ಉಗಿದು, ಮನೆ ಬಿಟ್ಟು ಕೊಳಾಲದಲ್ಲಿ ಒಂದು ರೂಮು ಮಾಡಿಕೊಳ್ಳುತ್ತಿದ್ದಳು. ಮನಸ್ಸು ಆಣೆ ಇಟ್ಟಿತ್ತು, ಕಾಲು ಕೇಳಲಿಲ್ಲ. ತಾತ ದಾರಿಯಿಂದ ಇಳಿಯುತ್ತಿದ್ದ ಆ ಹೆಜ್ಜೆ ಅಪ್ಪನ ಕಾಲಿನಲ್ಲಿ ಹಾಗೇ ಇತ್ತು. ಇಷ್ಟು ವರ್ಷ ಕೂಡಿಟ್ಟ ತಾತ್ಸಾರವನ್ನು ಅಪ್ಪನ ಮೇಲೆ ಉಗುಳಲು ಅವಳಿಗೆ ಆಗಲಿಲ್ಲ.

ಸಂಜೆಯ ಮಧುಗಿರಿ ಬಸ್ಸು ಕಿಕ್ಕಿರಿದಿತ್ತು. ಕೊರಟಗೆರೆಯಲ್ಲಿ ಒಬ್ಬರು ಇಳಿದು ಒಂದು ಸೀಟು ಖಾಲಿಯಾಯಿತು, ಸರಿಯಾಗಿ ಭೀಮರಾಜುವಿನ ಮುಂದೆ. ಅವನು ರಾಕೆಟ್ ಚೀಲವನ್ನು ಎದೆಗೊತ್ತಿಕೊಂಡು ಪಕ್ಕಕ್ಕೆ ಸರಿದ. "ಕುತ್ಕಳಮ್ಮ" ಎಂದ ಮಗಳಿಗೆ. ಅವಳು ಕೂರದಿದ್ದಾಗ, ಹಿಂದೆ ನಿಂತಿದ್ದ ಇಸ್ತ್ರಿ ಅಂಗಿಯ ಒಬ್ಬರನ್ನು ನೋಡಿ, "ನೀವು ಬನ್ನಿ ಸಾರ್" ಎಂದ. ಆ ಮನುಷ್ಯ ಯಾರೋ ಎತ್ತಲೋ, ಇವನಿಗೆ ಅಂಗಿಯ ಇಸ್ತ್ರಿ ಸಾಕು.

ಲೋಹಿತಾ ಕೈಯನ್ನು ಅಡ್ಡ ಹಾಕಿ ದಾರಿ ಮುಚ್ಚಿದಳು. ಇಡೀ ಬಸ್ಸು ತಿರುಗಿ ನೋಡುವಷ್ಟು ಜೋರಾಗಿ, ಕೋರ್ಟಿನಲ್ಲಿ ಕೂಗುವ ಹಾಗೆ ಕೂಗಿದಳು. "ಅಪ್ಪಾ, ನಿಂದೇ!"

ಭೀಮರಾಜು ಬೆಚ್ಚಿ ಅವಳ ಮುಖ ನೋಡಿದ. ಆಮೇಲೆ ಕೂತ. ಸೀಟಿನ ತುದಿಯಲ್ಲಿ, ಅರ್ಧಕ್ಕರ್ಧ ಮಾತ್ರ ಕೂತ. ಯಾರಾದರೂ ಸಾಹೇಬರು ಹತ್ತಿದರೆ ಏಳಲು ಸುಲಭವಾಗುವ ಹಾಗೆ, ಮಧುಗಿರಿಯ ಬಂಡೆ ಕಾಣಿಸುವವರೆಗೂ ಹಾಗೇ ಕೂತಿದ್ದ.